ಬಾಲದ ಆಚೆಗಿನ ಹಕ್ಕಿ: ಆಂಡೀಸ್ ಬೆಟ್ಟಗಳ ನೀಳಬಾಲದ ಸಿಲ್ಫ್

(ಪಕ್ಷಿವೀಕ್ಷಕರ ತಿಂಗಳ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಚಿತ್ರ ತೋರಿಸುತ್ತ ಹೇಳಿದ್ದನ್ನು ಓದಿಗೆ ಹೊಂದುವಂತೆ ತಿದ್ದಿದ್ದೇನೆ. ಕೇಳುಗರ ಎರಡು ಪ್ರಶ್ನೆಗಳನ್ನು ನಡುವೆಯೇ ಸೇರಿಸಿಕೊಂಡಿದ್ದೇನೆ.)

ಸ್ನೇಹಿತರೇ, ವಿಷಯಕ್ಕೆ ಬರುವ ಮುನ್ನ ಒಂದು ಗೊಂದಲವನ್ನು ಬಗೆಹರಿಸಿಕೊಳ್ಳೋಣ. ಅಂಗಳದ ದಾಸವಾಳಕ್ಕೆ ಬಂದು ಹೋಗುವ ಸೂರಕ್ಕಿಯ ಚಿತ್ರ ತೆಗೆದು, 'ನಮ್ಮ ಮನೆಗೆ ಹಮ್ಮಿಂಗ್‌ಬರ್ಡ್ ಬಂದಿತ್ತು' ಎಂದು ಕಳಿಸುವವರು ನನಗೆ ವಾರಕ್ಕೊಬ್ಬರಾದರೂ ಸಿಗುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಪುಟ್ಟ ದೇಹ, ಬಾಗಿದ ಕೊಕ್ಕು, ಬಿಸಿಲಿಗೆ ಮಿಂಚುವ ಕತ್ತು, ಹೂವಿನೊಳಗೆ ಇಳಿಯುವ ನಾಲಿಗೆ, ಇವೆಲ್ಲ ಎರಡಕ್ಕೂ ಉಂಟು. ಆದರೂ ಸೂರಕ್ಕಿ ಗುಬ್ಬಿ, ಕಾಗೆ, ಪಿಕಳಾರಗಳ ದೊಡ್ಡ ಗಣಕ್ಕೆ ಸೇರಿದ ಹಕ್ಕಿ. ಹಮ್ಮಿಂಗ್‌ಬರ್ಡ್‌ಗಳ ಹತ್ತಿರದ ನೆಂಟರೆಂದರೆ ಸಂಜೆ ಹೊತ್ತು ತೆಂಗಿನ ತೋಟದ ಮೇಲೆ ಕುಡುಗೋಲಿನಂಥ ರೆಕ್ಕೆ ಚಾಚಿ ಸುತ್ತುವ ಬಾನಾಡಿಗಳು, ಅಂದರೆ ಸ್ವಿಫ್ಟ್‌ಗಳು. ಈ ಎರಡು ವಂಶಗಳು ಬೇರೆಯಾಗಿ ಸುಮಾರು 4.2 ಕೋಟಿ ವರ್ಷಗಳಾದವು ಎಂದು 2014ರಲ್ಲಿ ಪ್ರಕಟವಾದ, 284 ಜಾತಿಗಳ ಡಿಎನ್‌ಎ ಆಧರಿಸಿದ ಅಧ್ಯಯನವೊಂದು ಲೆಕ್ಕ ಹಾಕಿದೆ. ಇಂದು ಬದುಕಿರುವ 360ರ ಆಸುಪಾಸಿನ ಹಮ್ಮಿಂಗ್‌ಬರ್ಡ್ ಜಾತಿಗಳಲ್ಲಿ ಒಂದೂ ಅಮೆರಿಕ ಖಂಡಗಳ ಆಚೆ ಇಲ್ಲ. ಒಂದು ಕಾಲದಲ್ಲಿ ಹೀಗಿರಲಿಲ್ಲ ಎಂಬುದಕ್ಕೆ ದಕ್ಷಿಣ ಜರ್ಮನಿಯಲ್ಲಿ ಸಿಕ್ಕ, 3 ಕೋಟಿ ವರ್ಷಗಳಿಗೂ ಹಳೆಯದಾದ ಯೂರೋಟ್ರೋಕಿಲಸ್ ಎಂಬ ಪಳೆಯುಳಿಕೆ ಸಾಕ್ಷಿ. ಆ ಕಥೆಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣ.

ಇಂದು ನಾನು ಹೇಳಹೊರಟಿರುವುದು ಒಂದೇ ಜಾತಿಯ ಬಗ್ಗೆ. ಅದರ ಶಾಸ್ತ್ರೀಯ ಹೆಸರು ಅಗ್ಲಯೋಸರ್ಕಸ್ ಕಿಂಗೀ, ರೂಢಿಯ ಹೆಸರು ನೀಳಬಾಲದ ಸಿಲ್ಫ್. ಸಿಲ್ಫ್ ಎಂದರೆ ಯುರೋಪಿನವರ ಹಳೆಯ ಕಲ್ಪನೆಯಲ್ಲಿ ಗಾಳಿಯಲ್ಲೇ ನೆಲೆಸಿರುವ, ನಮ್ಮ ಯಕ್ಷಿಣಿಯನ್ನು ಹೋಲುವ ಜೀವಿ. ಅಗ್ಲಯೋಸರ್ಕಸ್ ಎಂಬುದಕ್ಕೆ ಗ್ರೀಕಿನಲ್ಲಿ 'ಥಳಥಳಿಸುವ ಬಾಲ' ಎಂಬರ್ಥ ಬರುತ್ತದೆ. ಹೀಗೆ ಹೆಸರಿಟ್ಟವರ ಕಣ್ಣೆಲ್ಲ ಬಾಲದ ಮೇಲೆಯೇ ಇತ್ತು. 1832ರಲ್ಲಿ ಫ್ರಾನ್ಸಿನ ನಿಸರ್ಗಶಾಸ್ತ್ರಜ್ಞ ಲೆಸ್ಸನ್ ಈ ಜಾತಿಯನ್ನು ಮೊದಲು ವಿವರಿಸಿದ ಕಾಲದಿಂದ ಇಂದಿನ ಛಾಯಾಗ್ರಾಹಕರವರೆಗೆ ಎಲ್ಲರೂ ಈ ಹಕ್ಕಿಯನ್ನು ಅದರ ಬಾಲದ ಮೂಲಕವೇ ಗುರುತಿಸಿದ್ದಾರೆ. ನನ್ನ ವಾದವೇನೆಂದರೆ, ಆ ಬಾಲ ಈ ಹಕ್ಕಿಯ ಬದುಕಿನಲ್ಲಿ ನಾವು ಅಂದುಕೊಂಡಷ್ಟು ದೊಡ್ಡ ಸಂಗತಿಯಲ್ಲ, ಮತ್ತು ಅದನ್ನೇ ನೋಡುತ್ತ ಕುಳಿತದ್ದರಿಂದ ನೀಳ ಬಾಲವಿಲ್ಲದ ಅರ್ಧದಷ್ಟು ಸಿಲ್ಫ್‌ಗಳು, ಎಂದರೆ ಹೆಣ್ಣುಗಳು, ನಮ್ಮ ಕಣ್ಣಿಗೆ ಬೀಳದೇ ಹೋದವು.

ಹಾಗಿದ್ದರೂ ಮೊದಲು ಬಾಲವನ್ನೇ ನೋಡೋಣ, ಅದನ್ನು ದಾಟದೆ ಮುಂದೆ ಹೋಗಲಾಗದು. ವೆನೆಜುವೇಲಾದಿಂದ ಕೊಲಂಬಿಯಾ, ಈಕ್ವೆಡಾರ್, ಪೆರುಗಳ ಮೂಲಕ ಬೊಲಿವಿಯಾದವರೆಗೆ ಆಂಡೀಸ್‌ನ ಇಳಿಜಾರುಗಳಲ್ಲಿ, ಬಹುಮಟ್ಟಿಗೆ 1,400ರಿಂದ 3,000 ಮೀಟರ್ ಎತ್ತರದ ನಡುವೆ, ಮೋಡ ಕವಿದ ಕಾಡುಗಳ ಅಂಚಿನಲ್ಲಿ ಈ ಹಕ್ಕಿ ಕಾಣಸಿಗುತ್ತದೆ. ಗಂಡಿನ ಒಟ್ಟು ಉದ್ದ ಹದಿನೆಂಟು ಸೆಂಟಿಮೀಟರ್‌ನಷ್ಟು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಬಾಲ. ಹೆಣ್ಣು ಬಾಲವೂ ಸೇರಿ ಒಂಬತ್ತು ಹತ್ತು ಸೆಂಟಿಮೀಟರ್ ಮೀರುವುದಿಲ್ಲ. ತೂಕ ಐದು ಗ್ರಾಂ ಆಸುಪಾಸು, ಜೇಬಿನಲ್ಲಿರುವ ಐದು ರೂಪಾಯಿಯ ನಾಣ್ಯಕ್ಕಿಂತ ಹಗುರ. ಗಂಡಿನ ನೆತ್ತಿ ಹೊಳೆಯುವ ಹಸಿರು, ಮೈ ಕಂಚಿನ ಛಾಯೆಯ ಹಸಿರು, ಬಾಲ ನೋಡುವ ಕೋನಕ್ಕೆ ತಕ್ಕಂತೆ ಹಸಿರಿನಿಂದ ನೀಲಿಗೆ, ನೀಲಿಯಿಂದ ನೇರಳೆಗೆ ಜಾರುತ್ತದೆ. ಮೋಡದ ಮಬ್ಬಿನಲ್ಲಿ ಅದೇ ಬಾಲ ಕಪ್ಪು ಪಟ್ಟಿಯಂತೆ ಕಾಣಬಹುದು. ಏಕೆಂದರೆ ಈ ಬಣ್ಣ ಗರಿಯಲ್ಲಿ ಬೆರೆತ ನೀಲಿ ಹಸಿರು ವರ್ಣದ್ರವ್ಯದಿಂದ ಬಂದದ್ದಲ್ಲ. ಗರಿಯ ಎಳೆಗಳೊಳಗೆ ಗಾಳಿಗುಳ್ಳೆಗಳನ್ನು ತುಂಬಿಕೊಂಡ ಮೆಲನಿನ್ ಎಂಬ ಕಪ್ಪು ದ್ರವ್ಯದ ಚಪ್ಪಟೆ ಬಿಲ್ಲೆಗಳು ದೋಸೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಜೋಡಣೆಗೊಂಡಿವೆ. ಆ ಪದರಗಳಿಂದ ಮರಳುವ ಬೆಳಕಿನ ಅಲೆಗಳು ಪರಸ್ಪರ ಕೂಡಿ ಒಂದು ಬಣ್ಣವನ್ನು ಬಲಗೊಳಿಸುತ್ತವೆ. ಬೆಳಕು ಬೀಳುವ ಕೋನ ತಪ್ಪಿದರೆ ಬಣ್ಣವೂ ಮಾಯವಾಗುತ್ತದೆ.

ಸಭೆಯಲ್ಲಿ ಹಿರಿಯರೊಬ್ಬರು, 'ಹಾಗಾದರೆ ಇದು ನಮ್ಮ ನವಿಲಿನ ತಮ್ಮನೇ' ಎಂದರು. ಬಣ್ಣದ ಮಟ್ಟಿಗೆ ಮಾತು ಸರಿಯೇ, ನವಿಲಿನ ಮಿಂಚೂ ಗರಿಯ ರಚನೆಯಿಂದಲೇ ಬಂದದ್ದು. ಆದರೆ ನಾವು ನವಿಲಿನ ಬಾಲವೆಂದು ಕರೆಯುವುದು ಬಾಲವಲ್ಲ, ಬಾಲದ ಬುಡವನ್ನು ಮುಚ್ಚುವ ಮೇಲುಗರಿಗಳು ಬೆಳೆದು ನೀಳವಾದದ್ದು. ಅದರ ನಿಜವಾದ ಬಾಲ ಕಂದು ಬಣ್ಣದ್ದು, ಮೋಟಾದದ್ದು, ಕುಣಿತದ ಹೊತ್ತಿನಲ್ಲಿ ಆ ತೋರಣವನ್ನು ಹಿಂದಿನಿಂದ ಎತ್ತಿ ಹಿಡಿಯುವಂಥದ್ದು. ಸಿಲ್ಫ್‌ನದು ಅಪ್ಪಟ ಬಾಲ. ಹಮ್ಮಿಂಗ್‌ಬರ್ಡ್‌ಗಳಿಗೆ ಸಾಮಾನ್ಯವಾಗಿ ಇರುವ ಹತ್ತು ಬಾಲದ ಗರಿಗಳೇ ಇದಕ್ಕೂ ಇವೆ. ನಡುವಿನ ಜೋಡಿ ಗಿಡ್ಡ, ಹೊರಕ್ಕೆ ಹೋದಂತೆ ಪ್ರತಿ ಜೋಡಿಯೂ ಮೆಟ್ಟಿಲಿನಂತೆ ಉದ್ದ, ಕೊನೆಯ ಹೊರ ಜೋಡಿ ಎಲ್ಲಕ್ಕಿಂತ ನೀಳ. ಹಾರಾಟದಲ್ಲಿ ದಿಕ್ಕು ತಿರುಗಲೂ ಗಕ್ಕನೆ ನಿಲ್ಲಲೂ ಬೇಕಾದ ಅಂಗವನ್ನೇ ಈ ಹಕ್ಕಿ ಒಡವೆ ಮಾಡಿಕೊಂಡಿದೆ.

ಹಾಗಾದರೆ ಅದರಿಂದ ತೊಂದರೆಯಾಗುವುದಿಲ್ಲವೇ? ಸಭೆಯಲ್ಲಿ ಮೊದಲು ಬಂದ ಪ್ರಶ್ನೆಯೂ ಇದೇ. ಡಾರ್ವಿನ್ ಕಾಲದಿಂದ ಉದ್ದ ಬಾಲವೆಂದರೆ ಹೆಣ್ಣನ್ನು ಮೆಚ್ಚಿಸಲು ಗಂಡು ಹೊತ್ತ ಭಾರ ಎಂದೇ ಭಾವಿಸಲಾಗಿದೆ. ಆ ಭಾರ ಎಷ್ಟು ಎಂಬುದನ್ನು ಅಳೆದವರು ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ ಕ್ರಿಸ್ಟೋಫರ್ ಕ್ಲಾರ್ಕ್ ಮತ್ತು ರಾಬರ್ಟ್ ಡಡ್ಲಿ ಎಂಬ ಸಂಶೋಧಕರು, ಗಿಡ್ಡ ಬಾಲದ ಆನಾ ಹಮ್ಮಿಂಗ್‌ಬರ್ಡ್‌ಗಳಿಗೆ ಉದ್ದನೆಯ ಬಾಲ ಜೋಡಿಸಿ, ಗಾಳಿ ಸುರಂಗದಲ್ಲಿ ಹಾರಿಸಿ, ಅವು ಬಳಸುವ ಆಮ್ಲಜನಕವನ್ನು ಅಳೆದರು. 2009ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ ಉದ್ದ ಬಾಲದಿಂದ ಗರಿಷ್ಠ ವೇಗ ಶೇ. 3.4ರಷ್ಟು ತಗ್ಗಿತು, ಹಾರಾಟದ ಶಕ್ತಿವೆಚ್ಚ ಶೇ. 11ರಷ್ಟು ಏರಿತು. ಆದರೆ ಹಕ್ಕಿ ದಿನವಿಡೀ ವೇಗವಾಗಿ ಹಾರುತ್ತಿರುವುದಿಲ್ಲ. ಕೂರುತ್ತದೆ, ಹೂವಿನ ಮುಂದೆ ತೂಗುತ್ತದೆ, ಮಲಗುತ್ತದೆ. ಹೀಗಾಗಿ ಇಡೀ ದಿನದ ಲೆಕ್ಕದಲ್ಲಿ ಹೆಚ್ಚುವರಿ ಖರ್ಚು ಶೇ. 1ರಿಂದ 3ರಷ್ಟೇ ಎಂದು ಅವರು ಅಂದಾಜು ಮಾಡಿದರು. ಪ್ರಯೋಗ ಸಿಲ್ಫ್ ಮೇಲೆ ನಡೆದದ್ದಲ್ಲ, ಆದ್ದರಿಂದ ಅಂಕಿಗಳನ್ನು ಹಾಗೆಯೇ ಇದಕ್ಕೆ ಹಚ್ಚುವಂತಿಲ್ಲ. ಆದರೂ ಮದುವೆ ಮನೆಯ ಜರತಾರಿ ಸೀರೆಯಂತೆ ನಮಗೆ ಕಾಣುವ ಬಾಲ, ಹೊತ್ತವನಿಗೆ ತೆಳು ಶಲ್ಯದಷ್ಟೇ ಭಾರವಾಗಿರಬಹುದು ಎಂಬ ಸುಳಿವನ್ನಂತೂ ಇದು ಕೊಡುತ್ತದೆ.

ಸಿಲ್ಫ್‌ನ ನಿಜವಾದ ಖರ್ಚು ಇರುವುದು ಬೇರೆ ಕಡೆ. ಎರಡೂವರೆ ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಮುಕ್ಕಾಲು ಪಾಲು ಮಾತ್ರ. ಇದರಿಂದ ಎರಡು ಪೆಟ್ಟು ಒಟ್ಟಿಗೆ ಬೀಳುತ್ತವೆ. ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ, ಜೊತೆಗೆ ರೆಕ್ಕೆಯು ಒತ್ತಿ ಮೇಲೇಳಲು ಬೇಕಾದ ಗಾಳಿಯೂ ತೆಳುವಾಗುತ್ತದೆ. ಹೂವಿನ ಮುಂದೆ ಒಂದೇ ಕಡೆ ತೂಗುತ್ತ ನಿಲ್ಲುವುದು ಹಕ್ಕಿಲೋಕದಲ್ಲೇ ಅತಿ ದುಬಾರಿ ಕೆಲಸ. ಸಾಮಾನ್ಯ ಹಕ್ಕಿ ರೆಕ್ಕೆಯನ್ನು ಕೆಳಗೆ ಬಡಿದಾಗ ಮಾತ್ರ ಮೇಲೇಳುವ ಬಲ ಪಡೆದರೆ, ಹಮ್ಮಿಂಗ್‌ಬರ್ಡ್ ರೆಕ್ಕೆಯನ್ನು ಭುಜದಲ್ಲೇ ತಿರುಚಿ ಹಿಂಬಡಿತದಿಂದಲೂ ತನ್ನ ತೂಕದ ಸುಮಾರು ಕಾಲು ಭಾಗವನ್ನು ಹೊರುತ್ತದೆ. ಪೆರುವಿನಲ್ಲಿ ನಡೆದ ಅಧ್ಯಯನಗಳು ತೋರಿಸಿರುವಂತೆ, ಬೆಟ್ಟದ ಮೇಲಿನ ಜಾತಿಗಳು ತೆಳು ಗಾಳಿಯನ್ನು ರೆಕ್ಕೆಯ ಬೀಸಿನ ವೇಗ ಹೆಚ್ಚಿಸಿ ನಿಭಾಯಿಸುವುದಕ್ಕಿಂತ, ಪ್ರತಿ ಬೀಸನ್ನು ಇನ್ನಷ್ಟು ಅಗಲಿಸಿ ನಿಭಾಯಿಸುತ್ತವೆ. ರಕ್ತದೊಳಗೂ ಒಂದು ತಿದ್ದುಪಡಿ ನಡೆದಿದೆ. 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಎತ್ತರದ ಜಾತಿಗಳ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ ಎಂದು ತೋರಿಸಿತು. ಆ ಬಿಗಿತಕ್ಕೆ ಕಾರಣ ಪ್ರೋಟೀನಿನ ಸರಪಳಿಯಲ್ಲಿ ಎರಡೇ ಎರಡು ಜಾಗಗಳಲ್ಲಿ ಆದ ಬದಲಾವಣೆ. ಒಂದೇ ಬದಲಾವಣೆ ಬೇರೆ ಬೇರೆ ವಂಶಗಳಲ್ಲಿ ಮತ್ತೆ ಮತ್ತೆ ಆಗಿರುವುದು ಇಲ್ಲಿನ ಸೋಜಿಗ.

ಈ ಎಂಜಿನ್ನಿಗೆ ಇಂಧನ ಸಕ್ಕರೆ. ಹೀರಿದ ಮಕರಂದದ ಸಕ್ಕರೆ ಅರ್ಧ ಗಂಟೆಯೊಳಗೆ ರೆಕ್ಕೆಯ ಸ್ನಾಯುಗಳಲ್ಲಿ ಉರಿಯತೊಡಗುತ್ತದೆ. ಕೂಡಿಡುವ ಮಾತು ಆಮೇಲಿನದು. ಹೀರುವ ಬಗೆಯ ಬಗ್ಗೆಯೂ ನೂರೆಂಬತ್ತು ವರ್ಷಗಳಷ್ಟು ಹಳೆಯ ನಂಬಿಕೆಯೊಂದಿತ್ತು. ದೀಪದ ಬತ್ತಿ ಎಣ್ಣೆಯೇರಿಸಿದಂತೆ ನಾಲಿಗೆಯ ಕೊಳವೆಗಳಲ್ಲಿ ಮಕರಂದ ತಾನಾಗಿ ಏರುತ್ತದೆ ಎಂದು ತಿಳಿಯಲಾಗಿತ್ತು. ಕೊಲಂಬಿಯಾದ ಅಲೆಹಾಂದ್ರೊ ರಿಕೊ-ಗೆವಾರಾ ಮತ್ತು ಅವರ ಮಾರ್ಗದರ್ಶಕಿ ಮಾರ್ಗರೆಟ್ ರುಬೇಗಾ ವೇಗದ ಕ್ಯಾಮೆರಾ ಹಿಡಿದು ನೋಡಿದಾಗ ಬೇರೆಯೇ ದೃಶ್ಯ ಕಂಡಿತು. ನಾಲಿಗೆಯ ಸೀಳುತುದಿಗಳು ಮಕರಂದದೊಳಗೆ ಅರಳಿ, ಹೊರಬರುವಾಗ ಅಂಚುಗಳ ಝಾಲರಿಯನ್ನು ಒಳಮಡಚಿ ಹನಿಯನ್ನು ಸೆರೆಹಿಡಿಯುತ್ತಿದ್ದವು. ಇದು 2011ರ ವರದಿ. 2015ರಲ್ಲಿ ಅವರು ಮುಂದುವರಿದು, ಕೊಕ್ಕಿನಿಂದ ಹಿಂಡಿ ಚಪ್ಪಟೆಯಾದ ನಾಲಿಗೆಯ ಹೊಂಡಗಳು ಮಕರಂದ ಮುಟ್ಟಿದೊಡನೆ ಉಬ್ಬಿ ಪಂಪಿನಂತೆ ಸೆಳೆದುಕೊಳ್ಳುತ್ತವೆ ಎಂದು ತೋರಿಸಿದರು. ಮಸಿ ತುಂಬುವ ಪೆನ್ನಿನ ಫಿಲ್ಲರನ್ನು ಅದುಮಿ ಬಿಟ್ಟ ನೆನಪು ನಿಮಗಿದ್ದರೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಸಮಸ್ಯೆ ಬರುವುದು ರಾತ್ರಿ. ಹೂವಿಲ್ಲದ ಹನ್ನೆರಡು ತಾಸು, ಕೊರೆಯುವ ಚಳಿ, ಐದು ಗ್ರಾಂ ದೇಹ. ಆಂಡೀಸ್‌ನ ಹಮ್ಮಿಂಗ್‌ಬರ್ಡ್‌ಗಳು ಇದನ್ನು ದಾಟುವುದು ಟಾರ್ಪರ್ ಎಂಬ ಜಡನಿದ್ರೆಯಿಂದ. ಹಗಲಿನಲ್ಲಿ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುವ ಮೈಬಿಸಿಯನ್ನು ಅವು ಕೈಬಿಡುತ್ತವೆ, ನಿಮಿಷಕ್ಕೆ ಸಾವಿರ ದಾಟುವ ಎದೆಬಡಿತ ಐವತ್ತರ ಮಟ್ಟಕ್ಕೆ ಇಳಿಯುತ್ತದೆ. ಪೆರುವಿನಲ್ಲಿ ಸುಮಾರು 3,800 ಮೀಟರ್ ಎತ್ತರದಲ್ಲಿ ಆರು ಜಾತಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಪ್ಪು ಮೆಟಲ್‌ಟೈಲ್ ಎಂಬ ಹಕ್ಕಿಯೊಂದರ ದೇಹದ ಉಷ್ಣತೆ 3.26 ಡಿಗ್ರಿಯವರೆಗೆ ಕುಸಿದದ್ದು ದಾಖಲಾಯಿತು. ಫ್ರಿಜ್ಜಿನಲ್ಲಿಟ್ಟ ಹಾಲಿನಷ್ಟು ತಣ್ಣಗಾದ ಹಕ್ಕಿ ಬೆಳಗ್ಗೆ ಮೈ ನಡುಗಿಸಿ, ಬಿಸಿಯೇರಿಸಿಕೊಂಡು, ಹಾರಿಹೋಯಿತು. ಜಡನಿದ್ರೆ ದೀರ್ಘವಾದಷ್ಟೂ ರಾತ್ರಿ ಕಳೆದುಕೊಳ್ಳುವ ತೂಕ ಕಡಿಮೆ ಎಂಬುದನ್ನೂ ಆ ಸಂಶೋಧಕರು ಅಳೆದರು. ಸಿಲ್ಫ್ ಅಷ್ಟು ಎತ್ತರದ ನಿವಾಸಿಯಲ್ಲದಿದ್ದರೂ ಅದೇ ಬೆಟ್ಟಗಳ, ಅದೇ ಬಳಗದ ಹಕ್ಕಿ. ಬಾಲಕ್ಕೆ ತಗಲುವ ಶೇ. 1ರಿಂದ 3ರ ಖರ್ಚನ್ನು ಈ ರಾತ್ರಿಯ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು.

ಇನ್ನು ಹೂವಿನ ಮಾತು. ಈಕ್ವೆಡಾರ್‌ನ ಪಾಪಲ್ಯಾಕ್ತಾದಿಂದ ಪೂರ್ವಕ್ಕೆ ಇಳಿಯುವ ರಸ್ತೆಯಲ್ಲಿ, 2,700 ಮೀಟರ್ ಎತ್ತರದಲ್ಲಿ, ಗ್ವಾಂಗೊ ಎಂಬ ಪಕ್ಷಿವೀಕ್ಷಕರ ತಂಗುದಾಣವಿದೆ. ಅಲ್ಲಿ ತೂಗುಹಾಕಿರುವ ಸಕ್ಕರೆ ನೀರಿನ ಬಟ್ಟಲುಗಳಿಗೆ ಸಿಲ್ಫ್ ಕೂಡ ಬರುತ್ತದೆ, ಕತ್ತಿಕೊಕ್ಕಿನ ಹಮ್ಮಿಂಗ್‌ಬರ್ಡ್ ಕೂಡ ಬರುತ್ತದೆ. ಎರಡನೆಯದರ ಕೊಕ್ಕು, ಬಾಲ ಬಿಟ್ಟು ಉಳಿದ ಮೈಗಿಂತ ಉದ್ದ. ಅದು ಕೂರುವಾಗ ಕೊಕ್ಕನ್ನು ಆಕಾಶಕ್ಕೆ ಎತ್ತಿ ಹಿಡಿಯಬೇಕು. ಒಂದರ ಉದ್ದವೆಲ್ಲ ಮುಂದೆ, ಇನ್ನೊಂದರದ್ದು ಹಿಂದೆ. ಮುಂದಿನ ಉದ್ದ ಹೊಟ್ಟೆಪಾಡಿಗಾಗಿ, ನೀಳ ನಾಳದ ಹೂಗಳೊಂದಿಗೆ ಕೂಡಿ ಬೆಳೆದದ್ದು. ಸಿಲ್ಫ್‌ನ ಕೊಕ್ಕು ಒಂದೂಕಾಲು ಸೆಂಟಿಮೀಟರಿನಷ್ಟು, ನೇರ, ಯಾವ ಹೂವಿಗೂ ವಿಶೇಷವಾಗಿ ಹೊಂದಿಸಿದ್ದಲ್ಲ. ಕಾಫಿ ಮತ್ತು ನಮ್ಮ ಕೇಪಳದ ಕುಟುಂಬಕ್ಕೇ ಸೇರಿದ ಪಾಲಿಕೂರಿಯದಂಥ ಪೊದೆಗಳ ಗಿಡ್ಡ ಹೂಗೊಂಚಲು ಇಂಥ ಕೊಕ್ಕಿಗೆ ಸರಿಯಾಗಿ ಒಗ್ಗುತ್ತದೆ. ನಾಳ ಉದ್ದವಿದ್ದಲ್ಲಿ ಸಿಲ್ಫ್ ಸಭ್ಯತೆಯನ್ನು ಬದಿಗಿಟ್ಟು ಹೂವಿನ ಬುಡಕ್ಕೆ ತೂತು ಹಾಕಿ, ಪರಾಗದ ಗೊಡವೆಯಿಲ್ಲದೆ ಮಕರಂದವನ್ನು ಕದಿಯುವುದೂ ಉಂಟು. ಹೂವಿಗೇ ಜೋತುಬಿದ್ದು ಹೀರುವುದೂ ಇದರ ರೂಢಿ, ತೂಗುತ್ತ ನಿಲ್ಲುವ ಖರ್ಚು ಅಷ್ಟರಮಟ್ಟಿಗೆ ಉಳಿಯುತ್ತದೆ. ನಮ್ಮ ಸೂರಕ್ಕಿ ದಾಸವಾಳದ ತೊಟ್ಟಿನ ಬಳಿ ಮಾಡುವುದು ಇದನ್ನೇ. ಸಕ್ಕರೆಯಲ್ಲಿ ಪ್ರೋಟೀನಿಲ್ಲವಾದ್ದರಿಂದ ಸಣ್ಣ ಕೀಟಗಳನ್ನು ಗಾಳಿಯಲ್ಲೇ ಹಿಡಿದು ತಿನ್ನುತ್ತದೆ, ಮರಿ ಸಾಕುವಾಗ ಅವಿಲ್ಲದೆ ನಡೆಯದು.

ಮರಿ ಸಾಕುವುದು ಎಂದಾಗ ಹೆಣ್ಣಿನ ಮಾತು ಬಂತು. ಬಿಳಿ ಗಂಟಲ ಮೇಲೆ ಹಸಿರು ಚುಕ್ಕೆ, ದಾಲ್ಚಿನ್ನಿ ಬಣ್ಣದ ಹೊಟ್ಟೆ, ಗಿಡ್ಡ ಬಾಲ. ಗಂಡಿನ ಪಕ್ಕ ಇಟ್ಟರೆ ಬೇರೆ ಜಾತಿಯೆಂದೇ ಅನ್ನಿಸಬೇಕು. ಹಮ್ಮಿಂಗ್‌ಬರ್ಡ್‌ಗಳಲ್ಲಿ ಗೂಡು, ಕಾವು, ಗುಟುಕು ಎಲ್ಲವೂ ಹೆಣ್ಣಿನ ಪಾಲು. ಕೂಡಿಕೆಯ ನಂತರ ಗಂಡಿನ ಕೆಲಸ ಮುಗಿಯಿತು. ಹಮ್ಮಿಂಗ್‌ಬರ್ಡ್ ಗೂಡು ಎಂದೊಡನೆ ಕೊಂಬೆಯ ಮೇಲೆ ಕೂತ ಪುಟ್ಟ ಬಟ್ಟಲು ಕಣ್ಣಿಗೆ ಬರುತ್ತದೆ. ಸಿಲ್ಫ್ ಹೆಣ್ಣು ಈ ರೂಢಿ ಮುರಿದವಳು. ಅವಳದು ಪಾಚಿ ಮತ್ತು ಸಸ್ಯನಾರುಗಳನ್ನು ಕೂಡಿಸಿ ಕಟ್ಟಿದ, ಮೇಲೆ ಮುಚ್ಚಿಗೆಯುಳ್ಳ, ಪಕ್ಕದಲ್ಲಿ ಬಾಗಿಲಿಟ್ಟ ದೊಡ್ಡ ಉಂಡೆ. ಒಳಗೆ ಎರಡು ಬಿಳಿ ಮೊಟ್ಟೆ. ವರ್ಷವಿಡೀ ಮಂಜು ಜಿನುಗುವ ಕಾಡಿನಲ್ಲಿ ಚಾವಣಿಯ ಉಪಯೋಗ ಏನೆಂದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಮೊದಲು ಓದಿದಾಗ ನನಗೆ ನೆನಪಾದದ್ದು ನಮ್ಮ ಮನೆಯ ಜಗುಲಿಯ ದೀಪದ ತಂತಿಗೆ ಸೂರಕ್ಕಿ ಕಟ್ಟಿದ್ದ ಗೂಡು. ಮರಿಗಳು ಹಾರಿಹೋದ ಮೇಲೆ ಅದನ್ನು ಇಳಿಸಿ ಮೇಜಿನ ಮೇಲೆ ಇಟ್ಟುಕೊಂಡು ನೋಡಿದ್ದೆ. ಜೇಡರ ಬಲೆಯ ನೂಲಿನಿಂದ ಬಿಗಿದ ಒಣಹುಲ್ಲು, ಮರದ ತೊಗಟೆಯ ಚೂರು, ಕಂಬಳಿಹುಳುವಿನ ಹಿಕ್ಕೆ, ಯಾವುದೋ ಕ್ಯಾಲೆಂಡರಿನ ತುಣುಕು, ಒಳಗೆ ಬೂರುಗದ ಅರಳೆಯ ಮೆತ್ತೆ. ಪಕ್ಕದ ಬಾಗಿಲ ಮೇಲೆ ಮಳೆಹನಿ ಒಳಬೀಳದಂತೆ ಚಾಚಿದ ಪುಟ್ಟ ಮಾಡು. ಹೂವು ಹೀರುವ ಚಟವನ್ನು ಎರಡು ವಂಶಗಳೂ ತಂತಮ್ಮ ಖಂಡದಲ್ಲಿ ಬೇರೆ ಬೇರೆಯಾಗಿ ಕಲಿತದ್ದು ಎಲ್ಲರೂ ಹೇಳುವ ಹೋಲಿಕೆ. ನನಗೆ ಅದಕ್ಕಿಂತ ಹೆಚ್ಚು ಹಿಡಿಸುವುದು, ಭೂಮಿಯ ಎರಡು ಕಡೆಯ ಎರಡು ಪುಟ್ಟ ತಾಯಂದಿರು ಪಕ್ಕದ ಬಾಗಿಲಿನ ಮುಚ್ಚಿಗೆಮನೆಗೇ ಬಂದು ತಲುಪಿದ ಈ ಇನ್ನೊಂದು ಹೋಲಿಕೆ.

ಇಂಥ ಹೆಣ್ಣು ಹೇಗೆ ಕಣ್ಣಿಗೆ ಬೀಳದೇ ಹೋಯಿತು? ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪು ಈ ಹಕ್ಕಿಗಳನ್ನು ಕಂಡದ್ದು ಒಣಗಿಸಿದ ಚರ್ಮಗಳಾಗಿ. ಆಂಡೀಸ್‌ನ ಬೇಟೆಗಾರರು ಎಲ್ಲೆಲ್ಲಿಂದಲೋ ಹಿಡಿದು ತಂದ ಹಕ್ಕಿಗಳು ಕೊಲಂಬಿಯಾದ ರಾಜಧಾನಿ ಬೊಗೋಟಾದ ವ್ಯಾಪಾರಿಗಳ ಮೂಲಕ ಲಂಡನ್, ಪ್ಯಾರಿಸ್‌ಗಳಿಗೆ ಹೋಗಿ, ಕೆಲವು ಸಂಗ್ರಹಾಲಯದ ಪೆಟ್ಟಿಗೆಗೆ, ಬಹುಪಾಲು ಹೆಂಗಸರ ಟೊಪ್ಪಿಗೆಗಳಿಗೆ ಸೇರುತ್ತಿದ್ದವು. ಹಕ್ಕಿ ಸಿಕ್ಕ ಬೆಟ್ಟ ಯಾವುದು, ಎತ್ತರ ಎಷ್ಟು ಎಂಬುದನ್ನು ಬರೆಯುತ್ತಿರಲಿಲ್ಲ, ಚೀಟಿಯ ಮೇಲೆ ಇರುತ್ತಿದ್ದದ್ದು 'ಬೊಗೋಟಾ' ಎಂಬ ಒಂದೇ ಪದ. ಮಾರಾಟಕ್ಕೆ ಬೆಲೆ ಬರುತ್ತಿದ್ದದ್ದು ಮಿಂಚುವ ಗಂಡುಗಳಿಗೆ. 1851ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ ಏರ್ಪಡಿಸಿದ ಹಮ್ಮಿಂಗ್‌ಬರ್ಡ್ ಪ್ರದರ್ಶನವನ್ನು 75,000ಕ್ಕೂ ಹೆಚ್ಚು ಜನ ನೋಡಿದರು. ಗಾಜಿನ ಪೆಟ್ಟಿಗೆಗಳಲ್ಲಿ ಇದ್ದವೆಲ್ಲ ಸತ್ತ ಹಕ್ಕಿಗಳೇ. ಸ್ವತಃ ಗೌಲ್ಡ್ ಜೀವಂತ ಹಮ್ಮಿಂಗ್‌ಬರ್ಡನ್ನು ಮೊದಲು ಕಂಡದ್ದು ಆರು ವರ್ಷಗಳ ನಂತರ, ಅಮೆರಿಕಕ್ಕೆ ಹೋದಾಗ.

ಆ ಬೊಗೋಟಾ ಚೀಟಿಯ ಕಥೆಯೊಂದು ನೇರವಾಗಿ ನಮ್ಮ ಹಕ್ಕಿಗೆ ಬಂದು ತಾಗುತ್ತದೆ. 1909ರಲ್ಲಿ ಬ್ರದರ್ ನಿಸೆಫೊರೊ ಮರಿಯಾ ಎಂಬ, ಕ್ರೈಸ್ತ ಧರ್ಮಸಂಘವೊಂದಕ್ಕೆ ಸೇರಿದ ನಿಸರ್ಗಶಾಸ್ತ್ರಜ್ಞ ಬೊಗೋಟಾದಲ್ಲಿ ಒಂದು ಚರ್ಮವನ್ನು ಕೊಂಡರು. ಮೈಯೆಲ್ಲ ಕಡುನೀಲಿ, ಬಾಲ ಕವಲೊಡೆದದ್ದು. ಅದು ಮುಂದೆ ಫಿಲಡೆಲ್ಫಿಯಾದ ಸಂಗ್ರಹಾಲಯಕ್ಕೆ ಹೋಯಿತು. ಅಂಥ ಇನ್ನೊಂದು ಹಕ್ಕಿ ಸಂಗ್ರಹಗಳಲ್ಲಿ ಎಲ್ಲೂ ಇರಲಿಲ್ಲ. 1993ರಲ್ಲಿ ಅಮೆರಿಕದ ಪಕ್ಷಿತಜ್ಞ ಗ್ಯಾರಿ ಗ್ರೇವ್ಸ್ ಅದನ್ನು ಬೊಗೋಟಾ ಸನ್‌ಏಂಜೆಲ್ ಎಂಬ ಹೊಸ ಜಾತಿಯೆಂದು, ಬಹುಶಃ ಅಳಿದುಹೋದದ್ದೆಂದು ವಿವರಿಸಿ, ಪಕ್ಷಿತಜ್ಞ ರಿಚರ್ಡ್ ಜೂಸಿ ಅವರ ಹೆಸರನ್ನು ಅದಕ್ಕೆ ಇಟ್ಟರು. 2010ರಲ್ಲಿ ನೂರು ವರ್ಷ ಹಳೆಯ ಆ ಚರ್ಮದಿಂದ ಡಿಎನ್‌ಎ ತೆಗೆದು ಪರೀಕ್ಷಿಸಿದವರು, ಇದು ನಿಜಕ್ಕೂ ಪ್ರತ್ಯೇಕ ಜಾತಿಯೇ ಎಂದು ಸಾರಿದರು. ಆ ತೀರ್ಮಾನ ನಿಲ್ಲಲಿಲ್ಲ, ಲೋಪವಿದ್ದದ್ದು ಹೋಲಿಕೆಗೆ ಬಳಸಿದ ಮಾದರಿಗಳಲ್ಲಿ. ಸಾವಿರಾರು ಕಿಲೋಮೀಟರ್ ಉದ್ದಕ್ಕೆ, ಕಣಿವೆಗಳಿಂದ ಕಡಿದು ಬೇರ್ಪಟ್ಟ ಸಾಲುಗಳಲ್ಲಿ ಹರಡಿರುವ ಸಿಲ್ಫ್ ಎಲ್ಲ ಕಡೆ ಒಂದೇ ಬಗೆಯಾಗಿಲ್ಲ, ಅದರಲ್ಲೇ ಆರು ಉಪಜಾತಿಗಳಿವೆ. ಬೇರೆ ಬೇರೆ ಪರ್ವತ ಸಾಲುಗಳ ಸಿಲ್ಫ್‌ಗಳನ್ನು ಸೇರಿಸಿಕೊಂಡು ಲ್ಯಾಟಿನ್ ಅಮೆರಿಕದ ತಜ್ಞರೇ ಮುಖ್ಯವಾಗಿದ್ದ ತಂಡವೊಂದು 2018ರಲ್ಲಿ ಮತ್ತೆ ಹೋಲಿಸಿದಾಗ, ಆ 'ಅಳಿದ ಜಾತಿ'ಯ ಮೈಟೊಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗದ) ಡಿಎನ್‌ಎ ನೀಳಬಾಲದ ಸಿಲ್ಫ್‌ಗಳ ನಡುವೆಯೇ ಹೋಗಿ ಕೂತಿತು. ಮೈಟೊಕಾಂಡ್ರಿಯದ ಡಿಎನ್‌ಎ ಮರಿಗೆ ಬರುವುದು ತಾಯಿಯಿಂದ ಮಾತ್ರ. ಆ ಕಡುನೀಲಿ ಹಕ್ಕಿ ಎರಡು ಜಾತಿಗಳ ಬೆರಕೆಯಾಗಿರುವ ಸಂಭವವೇ ಹೆಚ್ಚು ಎಂಬ ತೀರ್ಮಾನಕ್ಕೆ ಅವರು ಬಂದರು. ತಂದೆ ಯಾವ ಜಾತಿಯವನೆಂದು ಆ ಚರ್ಮ ಹೇಳಿಲ್ಲ. ತಾಯಿ ಮಾತ್ರ ಕೊಲಂಬಿಯಾದ ಯಾವುದೋ ಬೆಟ್ಟದ ಪಾಚಿಯ ಉಂಡೆಯೊಳಗೆ ಕಾವು ಕೂತಿದ್ದ, ದಾಲ್ಚಿನ್ನಿ ಹೊಟ್ಟೆಯ, ಗಿಡ್ಡ ಬಾಲದ ಸಿಲ್ಫ್.